ಮುದುಕನ ಪಾತ್ರವೇ ಗತಿಯಾ, ಸರ್?

ಪ್ರಶ್ನೆ: "ನನಗೀಗ 36. ಊರಿನ ಹವ್ಯಾಸಿ ತಂಡದಲ್ಲಿ ಹನ್ನೆರಡು ವರ್ಷದಿಂದ ನಾಟಕ ಮಾಡುತ್ತಿದ್ದೇನೆ. ಕೂದಲು ಬೇಗ ಉದುರಿತು, ದನಿಯೂ ಗೊಗ್ಗರು. ಹಾಗಾಗಿ ಸಿಗೋದು ಮಾವ, ಅಜ್ಜ, ಶಾನುಭೋಗ, ಇಷ್ಟೇ. ಈಗ ಒಂದು ಸೀರಿಯಲ್‌ನವರು ಹೀರೋಯಿನ್ ತಾತನ ಪಾತ್ರಕ್ಕೆ ಕರೆದಿದ್ದಾರೆ. ಎರಡು ವರ್ಷ ಬೇರೆ ಚಾನೆಲ್‌ನಲ್ಲಿ ಕಾಣಿಸಿಕೊಳ್ಳಬಾರದು ಅಂತ ಅಗ್ರಿಮೆಂಟ್. ಇತ್ತೀಚೆಗೆ ಹಳೇ ಹಾಲಿವುಡ್ ಸಿನಿಮಾ ನೋಡೋ ಹುಚ್ಚು ಹತ್ತಿದೆ. ವಾಲ್ಟರ್ ಬ್ರೆನನ್ ಅನ್ನೋ ನಟ ಎಲ್ಲಿ ನೋಡಿದರೂ ಸಿಗುತ್ತಾರೆ, ಸಿಕ್ಕಲ್ಲೆಲ್ಲ ಮುದುಕ. ಮೂರು ಆಸ್ಕರ್ ಬಂದಿತ್ತಂತೆ, ಆದರೂ ಹೀರೋ ಆಗಲಿಲ್ಲ. ಸ್ಟುಡಿಯೋದವರು ಅವರನ್ನು ಆ ಪಾತ್ರಕ್ಕೇ ಕಟ್ಟಿಹಾಕಿದರು, ಒಮ್ಮೆ ಅಜ್ಜ ಆದರೆ ನಿನ್ನ ಕಥೆಯೂ ಅಷ್ಟೇ ಅಂತಾನೆ ಗೆಳೆಯ. ನಿಜವಾ ಸರ್? ಸಹಿ ಹಾಕಲಾ, ಬೇಡವಾ?"

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಹೆದರಿಕೆ ಒಂದಕ್ಕೊಂದು ಸುತ್ತಿಕೊಂಡಿವೆ. ಅಜ್ಜನ ಪಾತ್ರ ಒಪ್ಪಿದರೆ ಮುಂದೆ ಬೇರೇನೂ ಸಿಗಲ್ಲ ಅನ್ನೋದು ಒಂದು. ಅಗ್ರಿಮೆಂಟ್ ಕೈ ಕಟ್ಟಿಹಾಕುತ್ತೆ ಅನ್ನೋದು ಇನ್ನೊಂದು. ನಾನು ಎಂಟು ವರ್ಷ ಸಹಾಯಕ ನಿರ್ದೇಶಕನಾಗಿ ಕಲಾವಿದರ ಕಾಲ್‌ಶೀಟ್ ಹೊಂದಿಸಿದವನು, ಆಮೇಲೆ ಸಿನಿಮಾ ಇತಿಹಾಸದ ಪಾಠ ಮಾಡಿದವನು. ನನ್ನ ಅನುಭವದಲ್ಲಿ ಮೊದಲನೇ ಹೆದರಿಕೆ ಬಹುಪಾಲು ಸುಳ್ಳು. ಎರಡನೇದು ನಿಜ. ಬ್ರೆನನ್ ಅವರ ಕಥೆಯಲ್ಲಿ ಎರಡೂ ಕಾಣುತ್ತವೆ, ಅಲ್ಲಿಂದಲೇ ಶುರು ಮಾಡೋಣ.

ಅವರು ಹುಟ್ಟಿದ್ದು 1894ರಲ್ಲಿ, ಮಸಾಚುಸೆಟ್ಸ್‌ನ ಲಿನ್ ಎಂಬ ಊರಲ್ಲಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ಗೆ ಹೋಗಿ ಫಿರಂಗಿ ದಳದಲ್ಲಿದ್ದರು. ಆಮೇಲೆ ಲಾಸ್ ಏಂಜಲಿಸ್‌ನಲ್ಲಿ ಸೈಟು, ಜಮೀನಿನ ವ್ಯವಹಾರ. ಕೈತುಂಬ ದುಡಿದರು, 1920ರ ದಶಕದಲ್ಲೇ ಅಷ್ಟೂ ಕಳಕೊಂಡರು. ಮನೇಲಿ ಹೆಂಡತಿ, ಮಕ್ಕಳು. ಸಿನಿಮಾಕ್ಕೆ ಬಂದಿದ್ದು ಕಲೆಯ ಸೆಳೆತದಿಂದ ಅನ್ನೋದಕ್ಕಿಂತ ಅಡುಗೆಮನೆ ನಡೆಯಬೇಕಲ್ಲ ಅಂತ. ದಿನಗೂಲಿಯ ಜೂನಿಯರ್ ಆರ್ಟಿಸ್ಟ್ ಆಗಿ ಗುಂಪಿನಲ್ಲಿ ನಿಂತರು, ಸ್ಟಂಟ್ ಮಾಡಿದರು, ಕುದುರೆಯಿಂದ ಬಿದ್ದರು. 1933ರ 'ದಿ ಇನ್ವಿಸಿಬಲ್ ಮ್ಯಾನ್' ನೋಡಿದ್ದರೆ, ಕಣ್ಣಿಗೆ ಕಾಣದ ಮನುಷ್ಯ ಹಳ್ಳಿಯವನೊಬ್ಬನ ಸೈಕಲ್ ಕದಿಯೋದು ನೆನಪಿರಬಹುದು. ಆ ಸೈಕಲ್‌ನ ಯಜಮಾನ ಬ್ರೆನನ್. ಆಗಲೇ ವಯಸ್ಸು 39. ನಿಮಗಿಂತ ಮೂರು ವರ್ಷ ದೊಡ್ಡವರು, ಕಣ್ಣಿಗೆ ಬೀಳೋ ಪಾತ್ರ ಇನ್ನೂ ಒಂದೂ ಸಿಕ್ಕಿರಲಿಲ್ಲ.

1932ರಲ್ಲಿ ಒಂದು ಅಪಘಾತವಾಗಿ ಅವರ ಹಲ್ಲುಗಳು ಹೋದವು. ನಲವತ್ತಕ್ಕೆ ಮುಂಚೆಯೇ ಕಟ್ಟಿಸಿದ ಹಲ್ಲು. ಬೇರೆ ನಟನಾಗಿದ್ದರೆ ಅಲ್ಲಿಗೆ ಕಥೆ ಮುಗೀತು ಅನ್ನುತ್ತಿದ್ದೆವು. ನಿರ್ದೇಶಕ ಹೋವರ್ಡ್ ಹಾಕ್ಸ್ ಆಮೇಲೆ ಒಂದು ಪ್ರಸಂಗ ಹೇಳುತ್ತಿದ್ದರು. 1935ರ 'ಬಾರ್ಬರಿ ಕೋಸ್ಟ್' ಚಿತ್ರಕ್ಕೆ ಒಬ್ಬ ಕೊಳಕು ಮುದುಕ ಬೇಕಿತ್ತು. ಬ್ರೆನನ್ ಬಂದು ನಿಂತು ಕೇಳಿದರಂತೆ: ಇಟ್ಟುಕೊಂಡು ಮಾಡಲಾ, ಬಿಟ್ಟು ಮಾಡಲಾ? ಹಾಕ್ಸ್‌ಗೆ ಅರ್ಥವಾಗಲಿಲ್ಲ, ಏನನ್ನ ಅಂದರು. ಹಲ್ಲು, ಅಂದರು ಬ್ರೆನನ್. ಪಾತ್ರ ಸಿಕ್ಕಿತು. ಹಾಕ್ಸ್ ಕಥೆಗೆ ಒಗ್ಗರಣೆ ಹಾಕುವ ಮನುಷ್ಯ, ಸ್ವಲ್ಪ ಕಮ್ಮಿ ಮಾಡಿಕೊಂಡೇ ಕೇಳಿ. ಆದರೆ ತೆರೆ ಮೇಲೆ ನೋಡಿದರೆ ವಿಷಯ ಸ್ಪಷ್ಟ. ಹಲ್ಲು ತೆಗೆದರೆ ಕೆನ್ನೆ ಒಳಕ್ಕೆ ಹೋಗುತ್ತೆ, ಗದ್ದ ಮೂಗಿನ ಹತ್ತಿರ ಬರುತ್ತೆ, ಮಾತು ತೊದಲುತ್ತೆ. ಮೇಕಪ್ ಇಲ್ಲದೆ ಇಪ್ಪತ್ತೈದು ವರ್ಷ ಮೇಲೇರುತ್ತೆ.

ನಿಮ್ಮ ಗೆಳೆಯ ಹೇಳಿದ್ದನ್ನು ಇಲ್ಲಿ ತಿದ್ದಬೇಕು. ಸ್ಟುಡಿಯೋದವರು ಒಬ್ಬ ಹೀರೋನನ್ನು ಹಿಡಿದು ಮುದುಕನನ್ನಾಗಿ ಮಾಡಲಿಲ್ಲ. ಹತ್ತು ವರ್ಷ ಗುಂಪಿನಲ್ಲಿ ಮುಖವೇ ಕಾಣದೆ ನಿಂತಿದ್ದವರಿಗೆ ಮುದುಕನ ಪಾತ್ರವೇ ಮುಖ ಕೊಟ್ಟಿತು. ಅದೇ 1935ರಲ್ಲಿ ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಜತೆ ಕರಾರು. 1936ರ 'ಕಮ್ ಅಂಡ್ ಗೆಟ್ ಇಟ್'ಗೆ ಆಸ್ಕರ್. ಅತ್ಯುತ್ತಮ ಪೋಷಕ ನಟ ಅನ್ನೋ ಪ್ರಶಸ್ತಿ ಶುರುವಾಗಿದ್ದೇ ಆ ಸಲ, ಅಂದರೆ ಅದರ ಮೊದಲ ವಿಜೇತರೇ ಇವರು. ಆಮೇಲೆ 1938ರ 'ಕೆಂಟಕಿ', 1940ರ 'ದಿ ವೆಸ್ಟರ್ನರ್'. ಐದು ವರ್ಷದ ಸಿನಿಮಾಗಳಲ್ಲಿ ಮೂರು. ಆ ವಿಭಾಗದಲ್ಲಿ ಮೂರು ಗೆದ್ದವರು ಇವತ್ತಿಗೂ ಬೇರೆ ಯಾರೂ ಇಲ್ಲ. ಆಗೆಲ್ಲ ಪೋಷಕ ನಟರಿಗೆ ಚಿನ್ನದ ಗೊಂಬೆಯನ್ನೂ ಕೊಡುತ್ತಿರಲಿಲ್ಲ, ಒಂದು ಫಲಕ ಕೊಟ್ಟು ಕಳಿಸುತ್ತಿದ್ದರು. ಪೂರಾ ಗೊಂಬೆ ಸಿಗಲು ಶುರುವಾಗಿದ್ದು 1944ರ ಸಮಾರಂಭದಿಂದ. ಇನ್ನೊಂದು ಮಾತೂ ಇದೆ: ಆ ವರ್ಷಗಳಲ್ಲಿ ಜೂನಿಯರ್ ಆರ್ಟಿಸ್ಟ್‌ಗಳಿಗೂ ವೋಟಿತ್ತು, ತಮ್ಮ ಜತೆ ಬಿಸಿಲಲ್ಲಿ ನಿಂತಿದ್ದವನಿಗೆ ಅವರು ಒಟ್ಟಾಗಿ ಹಾಕಿದರು ಅಂತ. ಇದ್ದರೂ ಇರಬಹುದು. ನನಗೇನೂ ಬೇಜಾರಿಲ್ಲ.

ಇನ್ನು ಕಟ್ಟಿಹಾಕಿದರು ಅನ್ನೋ ಮಾತು. ಅದು ಅರ್ಧ ನಿಜ, ಪಾತ್ರದ ವಿಷಯದಲ್ಲಲ್ಲ, ಕಾಗದದ ವಿಷಯದಲ್ಲಿ. ಆ ಕಾಲದ ಹಾಲಿವುಡ್ ಕರಾರು ಸಾಮಾನ್ಯವಾಗಿ ಏಳು ವರ್ಷದ್ದು. ಆದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಒಂದು ಗಡುವು ಬರುತ್ತಿತ್ತು. ಆಗ ಮುಂದುವರಿಸೋದೂ ಕೈಬಿಡೋದೂ ಸ್ಟುಡಿಯೋ ಇಷ್ಟ. ನಟ ಮಾತ್ರ ಬಿಟ್ಟು ಹೋಗೋ ಹಾಗಿಲ್ಲ. ಕೊಟ್ಟ ಪಾತ್ರ ಬೇಡ ಅಂದರೆ ಸಂಬಳ ಇಲ್ಲದೆ ಮನೇಲಿ ಕೂರಿಸೋರು, ಕೂತ ದಿನಗಳನ್ನು ಕರಾರಿನ ಬಾಲಕ್ಕೆ ಸೇರಿಸೋರು. ಏಳು ವರ್ಷ ಎಂಟಾಗಬಹುದು, ಒಂಬತ್ತಾಗಬಹುದು. ಜತೆಗೆ ಬೇರೆ ಸ್ಟುಡಿಯೋಗೆ ಬಾಡಿಗೆಗೆ ಕಳಿಸೋರು. ನಮ್ಮ ಕಡೆ ಎತ್ತಿನ ಜೋಡಿ ಬಾಡಿಗೆಗೆ ಕೊಡ್ತಾರಲ್ಲ, ಹಾಗೆ. ಬಾಡಿಗೆ ಜಾಸ್ತಿ ಬಂದರೂ ನಟನಿಗೆ ಅವನ ವಾರದ ಸಂಬಳವೇ, ಮಿಕ್ಕಿದ್ದು ಯಜಮಾನನ ಜೇಬಿಗೆ.

ಗೋಲ್ಡ್‌ವಿನ್ ವರ್ಷಕ್ಕೆ ಕೆಲವೇ ಸಿನಿಮಾ ಮಾಡುತ್ತಿದ್ದವರು. ಹಾಗಾಗಿ ಬ್ರೆನನ್ ಬಾಡಿಗೆಗೆ ಹೋಗಿದ್ದೇ ಹೆಚ್ಚು. 'ಕೆಂಟಕಿ' ಫಾಕ್ಸ್‌ನದು, 'ಸಾರ್ಜೆಂಟ್ ಯಾರ್ಕ್' ವಾರ್ನರ್‌ನದು. ಈ ಪದ್ಧತಿ ಅನ್ಯಾಯದ್ದೇ. ಆದರೆ ಇದರಿಂದಲೇ ಹಾಕ್ಸ್, ಜಾನ್ ಫೋರ್ಡ್, ವಿಲಿಯಂ ವೈಲರ್, ಫ್ರಾಂಕ್ ಕಾಪ್ರಾ, ಫ್ರಿಟ್ಜ್ ಲಾಂಗ್ ಇಷ್ಟು ಜನರ ಕೈಯಲ್ಲಿ ಕೆಲಸ ಮಾಡೋದು ಅವರಿಗೆ ಸಾಧ್ಯವಾಯಿತು. ಒಂದೇ ಮನೆಗೆ ಅಂಟಿಕೊಂಡಿದ್ದ ಎಷ್ಟೋ ಹೀರೋಗಳಿಗೆ ಈ ಭಾಗ್ಯ ಇರಲಿಲ್ಲ. ಹೀರೋ ಆದರೆ ಶೂಟಿಂಗ್ ಮುಗಿಯೋವರೆಗೂ ಇರಬೇಕು. ಪೋಷಕ ನಟನ ಕೆಲಸ ಕೆಲವು ವಾರಗಳದ್ದು, ಇಲ್ಲಿ ಮುಗಿಸಿ ಅಲ್ಲಿಗೆ ಹೋಗಬಹುದು. ಥಾಮಸ್ ಮಿಚೆಲ್ ಅವರ 1939 ನೋಡಿ. 'ಸ್ಟೇಜ್‌ಕೋಚ್'ನಲ್ಲಿ ಕುಡುಕ ಡಾಕ್ಟರ್, 'ಗಾನ್ ವಿತ್ ದಿ ವಿಂಡ್'ನಲ್ಲಿ ನಾಯಕಿಯ ಅಪ್ಪ, 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್'ನಲ್ಲಿ ಪತ್ರಕರ್ತ. ಇವಲ್ಲದೆ ಅದೇ ವರ್ಷ ಇನ್ನೆರಡು ದೊಡ್ಡ ಸಿನಿಮಾ. 'ಸ್ಟೇಜ್‌ಕೋಚ್'ಗೆ ಆಸ್ಕರ್ರೂ ಬಂತು. ದಾರಿ ಮಧ್ಯೆ ಹೆರಿಗೆ ಮಾಡಿಸಬೇಕು, ಡಾಕ್ಟರ್‌ಗೆ ನಿಲ್ಲೋಕಾಗ್ತಿಲ್ಲ. ಕಾಫಿ, ಇನ್ನೂ ಕಾಫಿ ಅಂತ ಕುಡಿದು ಕುಡಿದು ಅಮಲು ಇಳಿಸಿಕೊಳ್ಳುತ್ತಾನೆ. ಆ ಸಿನಿಮಾದ ಹೀರೋ ಜಾನ್ ವೇಯ್ನ್. ನನಗೆ ಮೊದಲು ನೆನಪಾಗೋದು ಆ ಕಾಫಿ.

ಈಗ ವಯಸ್ಸಿನ ಲೆಕ್ಕಕ್ಕೆ ಬರೋಣ, ನಿಮಗೆ ಮುಖ್ಯವಾದದ್ದು ಇದೇ. 'ದಿ ವೆಸ್ಟರ್ನರ್'ನಲ್ಲಿ ಹೀರೋ ಗ್ಯಾರಿ ಕೂಪರ್. ಬ್ರೆನನ್ ಅವರಿಗಿಂತ ಏಳೇ ವರ್ಷ ದೊಡ್ಡವರು, ತೆರೆ ಮೇಲೆ ಒಂದು ತಲೆಮಾರು ಹಿರಿಯ ಅನ್ನಿಸುತ್ತೆ. ಜಾನ್ ವೇಯ್ನ್‌ಗಿಂತ ಹದಿಮೂರು ವರ್ಷ ದೊಡ್ಡವರು. 1948ರ 'ರೆಡ್ ರಿವರ್'ನಲ್ಲೂ ಅವರ ಜತೆ ಮುದುಕ, 1959ರ 'ರಿಯೋ ಬ್ರಾವೋ'ದಲ್ಲೂ ಅವರ ಜತೆ ಮುದುಕ. ನಡುವೆ ಹನ್ನೊಂದು ವರ್ಷ ಕಳೆದಿದೆ, ಬ್ರೆನನ್ ಅವರ ಮಾರುಕಟ್ಟೆ ಒಂಚೂರೂ ಅಲುಗಿಲ್ಲ. ನಲವತ್ತಕ್ಕೇ ಎಪ್ಪತ್ತಾದವನಿಗೆ ಅರವತ್ತೈದು ಆಗೋ ಭಯ ಎಲ್ಲಿಂದ ಬರಬೇಕು? ಅಶ್ವಥ್ ಅವರನ್ನೇ ನೋಡಿ, ರಾಜ್‌ಕುಮಾರ್ ಅವರಿಗಿಂತ ನಾಲ್ಕೇ ವರ್ಷ ದೊಡ್ಡವರು. ಆದರೂ ಅಶ್ವಥ್ ಅಂದ ಕೂಡಲೇ ನಮಗೆ ನೆನಪಾಗೋದು ಹಿರಿಯರು, ಮೇಷ್ಟ್ರು.

ಅವರು ಹೀರೋ ಆಗಲಿಲ್ಲ ಅಂತೀರಿ, ಆದರು. 1957ರಲ್ಲಿ, 63ನೇ ವಯಸ್ಸಿನಲ್ಲಿ, ಟೀವಿಯಲ್ಲಿ. 'ದಿ ರಿಯಲ್ ಮೆಕಾಯ್ಸ್' ಅನ್ನೋ ಧಾರಾವಾಹಿಯಲ್ಲಿ ಕುಂಟುತ್ತಾ ನಡೆಯೋ, ಗೊಣಗೋ ಅಜ್ಜ. ಅದು 1963ರವರೆಗೆ ಓಡಿತು. ಅಜ್ಜನೇ ಆ ಧಾರಾವಾಹಿಯ ಹೀರೋ.

ಮುದುಕ ಅಂದರೆ ಒಂದೇ ಪಾತ್ರ ಅಂದುಕೊಂಡರೆ ಅಲ್ಲೂ ತಪ್ಪುತ್ತೀರಿ. 'ದಿ ವೆಸ್ಟರ್ನರ್'ನಲ್ಲಿ ಬ್ರೆನನ್ ರಾಯ್ ಬೀನ್ ಅನ್ನೋ ಸ್ವಯಂಘೋಷಿತ ಜಡ್ಜ್. ಹೆಂಡದಂಗಡಿಯೇ ಕೋರ್ಟು, ಎದುರು ಮಾತಾಡಿದವರಿಗೆ ನೇಣು. ಆದರೆ ಲಿಲಿ ಲ್ಯಾಂಗ್ಟ್ರಿ ಅನ್ನೋ ನಟಿಯ ಹೆಸರೆತ್ತಿದರೆ ಸಾಕು, ಶಾಲೆ ಹುಡುಗನ ಹಾಗೆ ಕರಗುತ್ತಾನೆ. ಕೊನೆಗೆ ಅವಳ ನಾಟಕಕ್ಕೆ ಇಡೀ ಥಿಯೇಟರಿನ ಟಿಕೆಟ್ಟೂ ತಾನೇ ಕೊಂಡು, ಖಾಲಿ ಕುರ್ಚಿಗಳ ಮಧ್ಯೆ ಒಬ್ಬನೇ ಕೂತಿರುತ್ತಾನೆ. ಪರದೆ ಏಳುತ್ತೆ, ವೇದಿಕೆ ಮೇಲೆ ಅವಳಿಲ್ಲ, ಬಂದೂಕು ಹಿಡಿದ ಗ್ಯಾರಿ ಕೂಪರ್. ಗುಂಡು ತಗಲಿ ಸಾಯುತ್ತಿರುವ ಅವನನ್ನು ಕೂಪರ್ರೇ ಒಳಗೆ ಕರೆದೊಯ್ದು ಅವಳ ಮುಂದೆ ನಿಲ್ಲಿಸುತ್ತಾನೆ. ಆ ಕೆಲವೇ ಕ್ಷಣ ಬ್ರೆನನ್ ಮುಖ ನೋಡಿ. ಕೊಲೆಗಡುಕನೊಬ್ಬ ಸಾಯುವಾಗ ಗಂಟಲು ಕಟ್ಟುತ್ತಲ್ಲ, ಅದೇ ಕಸುಬು.

ಇದಾದ ಮೇಲೆ 1946ರ 'ಮೈ ಡಾರ್ಲಿಂಗ್ ಕ್ಲೆಮೆಂಟೈನ್' ಹಾಕಿ. ಅದೇ ವಯಸ್ಸು, ಅದೇ ಗಡ್ಡ, ಅದೇ ಟೋಪಿ. ಆದರೆ ಇಲ್ಲಿ ಎದೆಯಷ್ಟೆತ್ತರ ಬೆಳೆದ ಮಕ್ಕಳನ್ನು ಚಾಟಿಯಲ್ಲಿ ಬಾರಿಸೋ ಅಪ್ಪ. ಕಣ್ಣಲ್ಲಿ ಒಂದು ಹನಿ ಕರುಣೆ ಇಲ್ಲ, ತಮಾಷೆ ಇಲ್ಲ, ತೊದಲೂ ಇಲ್ಲ. 'ರೆಡ್ ರಿವರ್'ನಲ್ಲಿ ಮತ್ತೆ ಪೂರಾ ತಮಾಷೆ: ಇಸ್ಪೀಟಿನಲ್ಲಿ ತನ್ನ ಕಟ್ಟಿಸಿದ ಹಲ್ಲನ್ನೇ ಪಣಕ್ಕಿಟ್ಟು ಸೋಲುತ್ತಾನೆ, ಗೆದ್ದವನು ಊಟದ ಹೊತ್ತಿಗೆ ಮಾತ್ರ ಹಲ್ಲು ವಾಪಸ್ ಕೊಡುತ್ತಾನೆ. ಹದಿನಾರು ವರ್ಷದ ಹಿಂದೆ ಕಳಕೊಂಡ ಹಲ್ಲು ಅಷ್ಟು ಹೊತ್ತಿಗೆ ಸಂಭಾಷಣೆಯೊಳಗೇ ಬಂದು ಕೂತಿತ್ತು.

ನಾನು ಸೆಟ್‌ನಲ್ಲಿದ್ದಾಗ ಒಬ್ಬ ಹಿರಿಯ ಕಲಾವಿದರು ಯಾವಾಗಲೂ ಒಂದು ಬಟ್ಟೆ ಚೀಲ ತರುತ್ತಿದ್ದರು. ಅದರಲ್ಲಿ ಮೂರು ಕನ್ನಡಕ, ಎರಡು ಊರುಗೋಲು, ಒಂದು ನಶ್ಯದ ಡಬ್ಬಿ. ಕಾಸ್ಟ್ಯೂಮ್‌ನವರು ಏನೇ ಕೊಡಲಿ, ಚೀಲ ಬಿಚ್ಚಿ ಒಂದು ತೆಗೆಯೋರು. ಯಾಕೆ ಸರ್ ಅಂದರೆ, "ಇವತ್ತಿನ ಅಪ್ಪ ಲೆಕ್ಕ ಇಡೋ ಅಪ್ಪ, ಇವನಿಗೆ ಬೆಳ್ಳಿ ಫ್ರೇಮು. ಮೊನ್ನೆಯವನು ಸಾಲಗಾರ, ಅವನಿಗೆ ದಾರ ಕಟ್ಟಿದ್ದು" ಅಂದಿದ್ದರು. ನೀವು ಹನ್ನೆರಡು ವರ್ಷದಲ್ಲಿ ಮಾಡಿದ ಅಜ್ಜಂದಿರನ್ನು ಒಮ್ಮೆ ಎಣಿಸಿ. ಅವರಲ್ಲಿ ಒಬ್ಬ ಇನ್ನೊಬ್ಬನ ಹಾಗೆ ಕೂರುತ್ತಿದ್ದನಾ, ಉಗುಳು ನುಂಗುತ್ತಿದ್ದನಾ? ಹೌದು ಅಂತಾದರೆ ತೊಂದರೆ ಇರೋದು ಅಲ್ಲಿ, ಬೋಳು ತಲೆಯಲ್ಲಿ ಅಲ್ಲ.

ಆದರೆ ಎಲ್ಲರಿಗೂ ಬ್ರೆನನ್ ದಾರಿ ಇತ್ತು ಅಂತ ಹೇಳಿದರೆ ನಾನು ನಿಮಗೆ ಸುಳ್ಳು ಹೇಳಿದ ಹಾಗಾಗುತ್ತೆ. ಹ್ಯಾಟಿ ಮೆಕ್‌ಡೇನಿಯಲ್ ಅವರ ಕಥೆ ತಿಳಿದಿರಬೇಕು. 'ಗಾನ್ ವಿತ್ ದಿ ವಿಂಡ್'ಗೆ 1940ರಲ್ಲಿ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ. ಅಟ್ಲಾಂಟಾದ ಮೊದಲ ಪ್ರದರ್ಶನಕ್ಕೆ ಅವರಿಗೆ ಪ್ರವೇಶವೇ ಇರಲಿಲ್ಲ. ಆಸ್ಕರ್ ರಾತ್ರಿ ಲಾಸ್ ಏಂಜಲಿಸ್‌ನ ಅಂಬಾಸಡರ್ ಹೋಟೆಲ್‌ನಲ್ಲಿ ಸಿನಿಮಾದ ಉಳಿದವರಿಂದ ದೂರ, ಬೇರೆ ಮೇಜಿನಲ್ಲಿ ಕೂರಿಸಿದರು. ಫಲಕ ಕೈಗೆ ಬಂದ ಮೇಲೂ ಮನೆಗೆಲಸದವಳ ಪಾತ್ರ, ಮತ್ತೆ ಮನೆಗೆಲಸದವಳ ಪಾತ್ರ. ಅತ್ತ ತಮ್ಮವರಿಂದಲೇ ಟೀಕೆ, ಇಂಥ ಪಾತ್ರ ಯಾಕೆ ಒಪ್ಪುತ್ತೀರಿ ಅಂತ. 1952ರಲ್ಲಿ ತೀರಿಕೊಂಡರು. ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದ ಆ ಫಲಕವೂ ಕಳೆದುಹೋಯಿತು. ಅಕಾಡೆಮಿ ಬದಲಿ ಫಲಕ ಕೊಟ್ಟಿದ್ದು 2023ರಲ್ಲಿ. ಬ್ರೆನನ್‌ಗೆ ಮುದುಕ ಅನ್ನೋದು ಒಂದು ಅಂಗಡಿ, ಒಳಗೆ ಹತ್ತು ಸಾಮಾನು. ಇವರಿಗೆ ಆ ಊರು ಒಂದೇ ಬಾಗಿಲು ತೆರೆದಿತ್ತು, ಅದೂ ಹಿತ್ತಿಲ ಬಾಗಿಲು.

ಬ್ರೆನನ್ ಮೊದಲ ಆಸ್ಕರ್ ಗೆದ್ದ ರಾತ್ರಿಯೇ ಪೋಷಕ ನಟಿ ಪ್ರಶಸ್ತಿ ಮೊದಲ ಬಾರಿಗೆ ಪಡೆದವರು ಗೇಲ್ ಸಾಂಡರ್ಗಾರ್ಡ್. ಮುಂದೆ ಅಮೆರಿಕದಲ್ಲಿ ಕಮ್ಯುನಿಸ್ಟರು ಅಂತ ಅನುಮಾನ ಬಂದವರನ್ನೆಲ್ಲ ವಿಚಾರಣೆಗೆ ಎಳೆಯುತ್ತಿದ್ದ ಕಾಲದಲ್ಲಿ ಅವರ ಗಂಡನನ್ನು ಜೈಲಿಗೆ ಹಾಕಿದರು, 1951ರ ವಿಚಾರಣೆಯಲ್ಲಿ ಇವರು ಉತ್ತರಿಸಲು ಒಪ್ಪಲಿಲ್ಲ. ಸುಮಾರು ಇಪ್ಪತ್ತು ವರ್ಷ ಸಿನಿಮಾ ಕೆಲಸವಿಲ್ಲ. ಬ್ರೆನನ್? ಅವರು ಹಾಲಿವುಡ್‌ನ ಕಮ್ಯುನಿಸ್ಟ್ ವಿರೋಧಿ ಕೂಟದ ಸದಸ್ಯರು. ಒಂದೇ ರಾತ್ರಿ ಎರಡು ಫಲಕ, ಎರಡು ದಾರಿ. ಬ್ರೆನನ್ ನಟನೆ ನನಗೆ ತುಂಬಾ ಇಷ್ಟ, ಆ ಮನುಷ್ಯನ ರಾಜಕೀಯ ಇಷ್ಟವಿಲ್ಲ. ಯಶಸ್ಸಿನ ಕಥೆ ಹೇಳುವಾಗ ಇದನ್ನು ಬಿಟ್ಟರೆ ಎಲ್ಲಾ ಪ್ರತಿಭೆಯಿಂದಲೇ ಆಯ್ತು ಅನ್ನೋ ಹಾಗೆ ಕೇಳಿಸುತ್ತೆ, ಅದಕ್ಕೇ ಹೇಳಿದೆ.

ತಡವಾಗಿ ಬಂದವರೂ ಇದ್ದಾರೆ. ಥೆಲ್ಮಾ ರಿಟರ್ ಮೊದಲ ಸಿನಿಮಾದಲ್ಲಿ ಕಾಣಿಸಿಕೊಂಡಾಗ ವಯಸ್ಸು 45. ಅಂಗಡಿಯಲ್ಲಿ ಮಗನಿಗೆ ಆಟದ ಸಾಮಾನು ಹುಡುಕಿ ಸುಸ್ತಾದ ತಾಯಿ, ಒಂದು ತುಣುಕು ದೃಶ್ಯ, ಹೆಸರೂ ಹಾಕಿರಲಿಲ್ಲ. ಆಮೇಲೆ ಆರು ಸಲ ಆಸ್ಕರ್‌ಗೆ ನಾಮನಿರ್ದೇಶನ, ಒಂದೂ ಬರಲಿಲ್ಲ. ಕೆಲಸ ಮಾತ್ರ ನಿಲ್ಲಲಿಲ್ಲ.

ಈಗ ನಿಮ್ಮ ಸೀರಿಯಲ್. ತಾತನ ಪಾತ್ರ ಅನ್ನೋ ಒಂದೇ ಕಾರಣಕ್ಕೆ ಬಿಡಬೇಡಿ. 36ಕ್ಕೆ ತಾತ ಮಾಡಬಲ್ಲವನು ಕಾಸ್ಟಿಂಗ್‌ನವರಿಗೆ ಅಪರೂಪ. ದಿನಕ್ಕೆ ಹದಿನಾಲ್ಕು ಗಂಟೆ ನಿಲ್ಲೋ ಮೈ, ಉದ್ದ ಡೈಲಾಗ್ ನೆನಪಿಡೋ ತಲೆ, ಮೇಲೆ ಹಿರಿಯನ ಮುಖ. ಇದಕ್ಕೆ ಬೆಲೆ ಇದೆ, ಪೇಮೆಂಟ್ ಮಾತಾಡುವಾಗ ಸಂಕೋಚ ಬೇಡ. ಒಪ್ಪಿದರೆ ಅಪಾಯವೂ ಇದೆ. ಸೀರಿಯಲ್ ತಾತನಿಗೆ ಸಾಮಾನ್ಯವಾಗಿ ಸಿಗೋದು ಸೋಫಾ ಮತ್ತು ನಿಟ್ಟುಸಿರು. ಎರಡು ವರ್ಷ ನಿಟ್ಟುಸಿರು ಬಿಟ್ಟರೆ ನಾಟಕದಲ್ಲಿ ಹದ ಮಾಡಿಕೊಂಡ ದನಿಯೂ ಜಡ್ಡುಗಟ್ಟುತ್ತೆ. ಅದಕ್ಕೆ ನಾಟಕ ಮಾಡಲು ಅಡ್ಡಿಯಿಲ್ಲ ಅಂತ ಅಗ್ರಿಮೆಂಟ್‌ನಲ್ಲೇ ಬರೆಸಿ. ಬಾಯಿಮಾತಿಗೆ, ನೋಡೋಣ ಬಿಡಿ ಸರ್ ಅಂದರೆ ಒಪ್ಪಬೇಡಿ.

ಬೇಡ ಅನ್ನೋದೂ ಒಂದು ದಾರಿ. ಸ್ವತಂತ್ರವಾಗಿದ್ದು ಸಿಕ್ಕ ಸಿನಿಮಾ, ಸಿಕ್ಕ ಸೀರಿಯಲ್ ಮಾಡಬಹುದು. ಆಗ ತಿಂಗಳ ದುಡ್ಡಿನ ಖಾತ್ರಿ ಇಲ್ಲ. ಊರಲ್ಲಿ ನೌಕರಿ ಇದ್ದರೆ ತಡಕೊಳ್ಳಬಹುದು, ಇಲ್ಲದಿದ್ದರೆ ಮನೆಯವರ ಜತೆ ಕೂತು ಲೆಕ್ಕ ಹಾಕಿ. ಬ್ರೆನನ್ ಕೂಡ ಮೊದಲು ಹಾಕಿದ್ದು ಆ ಲೆಕ್ಕವೇ.

ನಾನಾಗಿದ್ದರೆ ಪಾತ್ರ ಒಪ್ಪಿ ಷರತ್ತಿಗೆ ಜಗಳ ಮಾಡುತ್ತಿದ್ದೆ. ತಾತನನ್ನು ಆರು ತಿಂಗಳಿಗೇ ಸಾಯಿಸಿ ಫೋಟೋಗೆ ಹಾರ ಹಾಕಿದರೆ ಆ ಎರಡು ವರ್ಷದ ನಿರ್ಬಂಧ ಏನಾಗುತ್ತೆ? ಕೆಲಸ ಇಲ್ಲ, ಬೇರೆ ಕಡೆ ಹೋಗೋ ಹಾಗೂ ಇಲ್ಲ. ಪಾತ್ರ ಮುಗಿದ ದಿನವೇ ನಿರ್ಬಂಧವೂ ಮುಗಿಯಬೇಕು. ಶೂಟಿಂಗ್ ನಿಂತ ದಿನಗಳನ್ನು ಎರಡು ವರ್ಷದ ಮೇಲೆ ಸೇರಿಸೋ ಸಾಲು ಎಲ್ಲಾದರೂ ಇದೆಯಾ ನೋಡಿ. ಹಾಲಿವುಡ್ ನಟಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ವಾರ್ನರ್ ಸ್ಟುಡಿಯೋ ವಿರುದ್ಧ ಕೋರ್ಟಿಗೆ ಹೋಗಿದ್ದು ಇಂಥದ್ದೇ ಒಂದು ಸಾಲಿಗೆ. ಏಳು ವರ್ಷ ಅಂದರೆ ಕ್ಯಾಲೆಂಡರಿನ ಏಳು ವರ್ಷ, ಮನೇಲಿ ಕೂರಿಸಿದ ದಿನ ಸೇರಿಸಿ ಎಳೆಯೋ ಹಾಗಿಲ್ಲ ಅಂತ 1944ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಅಷ್ಟು ದೊಡ್ಡ ನಟಿ ಆ ಹೊತ್ತಿಗೆ ಸುಮಾರು ಎರಡು ವರ್ಷ ಕ್ಯಾಮೆರಾ ಮುಂದೆ ನಿಂತಿರಲಿಲ್ಲ. ನಿಮಗೆ ಕೋರ್ಟು ಬೇಡ, ಒಬ್ಬ ವಕೀಲರಿಗೆ ಕಾಗದ ತೋರಿಸಿದರೆ ಸಾಕು. ನಿರ್ಬಂಧ ಶುರುವಾಗೋ ತಾರೀಕು, ಮುಗಿಯೋ ತಾರೀಕು ಎರಡನ್ನೂ ಅಂಕಿಯಲ್ಲಿ ಬರೆಸಿಕೊಂಡು ಆಮೇಲೆ ಸಹಿ ಹಾಕಿ.